ಹಳೆಯ ಕೋಲ್ಟ್ ನೇವಿ ಕೊಳ್ಳುವ ಮುನ್ನ ನಾನು ನೋಡುವ ಕ್ರಮ

ಕೋಲ್ಟ್ 1851 ನೇವಿ ಎಂಬ ಹಳೆಯ ಅಮೆರಿಕನ್ ರಿವಾಲ್ವರ್ ಕೈಗೆ ಬಂದಾಗ ನಾನು ಮೊದಲು ನೋಡುವುದು ಹೊಳಪನ್ನಲ್ಲ, ಒಳಗೆ ಮದ್ದು ಉಳಿದಿದೆಯೇ ಎಂಬುದನ್ನು. ತೇವ ತಗುಲದ ಕರಿಮದ್ದು ನೂರೈವತ್ತು ವರ್ಷವಾದರೂ ಸಾಯುವುದಿಲ್ಲ. ತುಂಬಿಟ್ಟ ಹಾಗೇ ಪೆಟ್ಟಿಗೆ ಸೇರಿ ತಲೆಮಾರು ದಾಟಿ ಬಂದವು ಈಗಲೂ ಸಿಗುತ್ತವೆ. ನಿಪ್ಪಲ್ (ಕೋಣೆಯ ಹಿಂದಿನ ತೂತುಳ್ಳ ಮೊಳೆ) ಮೇಲೆ ಮದ್ದಿಗೆ ಕಿಡಿ ಹಚ್ಚುವ ತಾಮ್ರದ ಕ್ಯಾಪ್ ಕೂತಿದ್ದರೆ ಚಿಮಟ ಹಾಕಿ ಕೀಳುವ ಸಾಹಸ ಬೇಡ, ಒಳಗಿರುವ ಪಾದರಸದ ಫಲ್ಮಿನೇಟ್ ಸಣ್ಣ ಪೆಟ್ಟಿಗೇ ಸಿಡಿಯುತ್ತದೆ. ಅಂಥದ್ದನ್ನು ಗನ್‌ಸ್ಮಿತ್‌ಗೇ ಬಿಡುತ್ತೇನೆ.

ಕ್ಯಾಪ್ ಇಲ್ಲವೆಂದರೆ ಕ್ಯಾಪಿಗೆ ಬಡಿಯುವ ಹ್ಯಾಮರನ್ನು ಅರ್ಧಕ್ಕೆ ಎಳೆದು ನಿಲ್ಲಿಸುತ್ತೇನೆ, ಆಗ ಆರು ಕೋಣೆಗಳ ಸಿಲಿಂಡರ್ ಕೈಯಲ್ಲೇ ತಿರುಗುತ್ತದೆ. ಪೆನ್ಸಿಲ್ ದಪ್ಪದ ಮರದ ಕಡ್ಡಿಯನ್ನು ಬ್ಯಾರಲ್ ಬಾಯಿಯಿಂದ ಒಂದೊಂದೇ ಕೋಣೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಗೆರೆ ಎಳೆಯುತ್ತೇನೆ. ಮುಖ, ಕೈ ಎರಡೂ ಬ್ಯಾರಲ್‌ಗೆ ಅಡ್ಡ ಬರದಂತೆ ಪಕ್ಕದಲ್ಲಿ ನಿಂತು ಮಾಡುವ ಕೆಲಸವಿದು. ಆರೂ ಗೆರೆ ಒಂದೇ ಕಡೆ ಬೀಳಬೇಕು. ಬಿತ್ತು ಅಂತ ಸುಮ್ಮನಾಗುವ ಹಾಗೂ ಇಲ್ಲ, ಆರಕ್ಕೆ ಆರೂ ತುಂಬಿರಬಹುದಲ್ಲ! ಅದೇ ಕಡ್ಡಿಯನ್ನು ಹೊರಗಿನಿಂದ ಸಿಲಿಂಡರ್ ಪಕ್ಕ ಹಿಡಿದರೆ ತುದಿ ನಿಪ್ಪಲ್‌ನ ಬುಡದ ಹತ್ತಿರಕ್ಕೆ ಬರಬೇಕು. ಅರ್ಧ ಇಂಚು ಮೊದಲೇ ನಿಂತರೆ ಅಲ್ಲಿ ಸೀಸದ ಗುಂಡೋ ಗಟ್ಟಿಯಾದ ಕಸವೋ ಇದೆ. ಗುಂಡು ಎಂದೇ ಎಣಿಸಿ ಕೈ ಬಿಡುತ್ತೇನೆ.

ಆಮೇಲೆ ಸಂಖ್ಯೆ. ರಿವಾಲ್ವರನ್ನು ಬೋರಲು ಹಾಕಿದರೆ ಬ್ಯಾರಲ್ ಬುಡ, ಫ್ರೇಮ್ (ನಡುವಿನ ಚೌಕಟ್ಟು), ಟ್ರಿಗರ್ ಗಾರ್ಡ್ (ಟ್ರಿಗರ್ ಸುತ್ತಲಿನ ಬಳೆ) ಮೂರರ ಮೇಲೂ ಸಾಲಾಗಿ ಒಂದೇ ಕ್ರಮಸಂಖ್ಯೆ ಕಾಣುತ್ತದೆ. ನಾಲ್ಕನೆಯದು ಹಿಡಿಯ ತಳದ ಪಟ್ಟಿಯಲ್ಲಿ. ಸಿಲಿಂಡರ್ ಮತ್ತು ಬ್ಯಾರಲನ್ನು ಹಿಡಿದಿಡುವ ಬೆಣೆಯ ಮೇಲೂ ನೋಡಬೇಕು. ಬೆಣೆ ಕಳೆದುಹೋಗಿ ಬೇರೆಯದು ಬಂದಿರುವುದು ಮಾಮೂಲು, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಸಿಲಿಂಡರ್ ಬೇರೆಯಾದರೆ ಮಾತ್ರ ಬೆಲೆ ಗಣನೀಯವಾಗಿ ಇಳಿಯಬೇಕು. ಇದನ್ನು ಮುಚ್ಚಲೆಂದೇ ಹಳೆಯ ಅಂಕಿ ಉಜ್ಜಿ ಹೊಸದು ಹೊಡೆಯುವವರಿದ್ದಾರೆ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ಬೆಳಕನ್ನು ಓರೆಯಾಗಿ ಬಿಟ್ಟರೆ ಉಜ್ಜಿದ ಜಾಗ ಸಣ್ಣ ತಗ್ಗಿನಂತೆ ಕಾಣುತ್ತದೆ. ಸುತ್ತಲೂ ಕಂದು ಹಿಡಿದಿದ್ದರೂ ಅಂಕಿಯ ತಳ ಬೆಳ್ಳಗಿರುತ್ತದೆ. ಒಂದು ಭಾಗದ 4ರ ಆಕಾರ ಇನ್ನೊಂದರ 4ಕ್ಕೆ ಹೊಂದುತ್ತದೆಯೇ ಎಂದು ಒಂದೊಂದೇ ಹೋಲಿಸುತ್ತೇನೆ.

ಸಂಖ್ಯೆಗಳು ಹೊಂದಿದರೆ ಸಾಲದು, ಅವು ರಿವಾಲ್ವರ್‌ನ ರೂಪಕ್ಕೂ ಒಪ್ಪಬೇಕು. ಹಾರ್ಟ್‌ಫರ್ಡ್ ಕಾರ್ಖಾನೆಯಲ್ಲಿ ತಯಾರಾದ ನೇವಿಗಳು ಸುಮಾರು 2,15,000. ಮೊದಲ ಸುಮಾರು 4,200ರಲ್ಲಿ ಟ್ರಿಗರ್ ಗಾರ್ಡ್‌ನ ಹಿಂಭಾಗ ಚೌಕ; ಅಲ್ಲಿಂದ 85,000ದ ಆಸುಪಾಸಿನವರೆಗೆ ಸಣ್ಣ ದುಂಡು ಗಾರ್ಡ್; ಆಮೇಲೆ ದೊಡ್ಡ ದುಂಡು. ಬ್ಯಾರಲ್ ಮೇಲಿನ ವಿಳಾಸವೂ ಹೀಗೇ ಬದಲಾಗುತ್ತ ಹೋಗಿದೆ: ಸುಮಾರು 74,000ದವರೆಗೆ ‘ನ್ಯೂಯಾರ್ಕ್ ಸಿಟಿ’, 1,01,000ದವರೆಗೆ ‘ಹಾರ್ಟ್‌ಫರ್ಡ್’, ಆಮೇಲೆ ‘ನ್ಯೂಯಾರ್ಕ್ ಯು.ಎಸ್. ಅಮೆರಿಕ’. 60,000ದ ಸಂಖ್ಯೆಯ ಮೇಲೆ ಮೂರನೆಯ ವಿಳಾಸ ಇದ್ದರೆ ಬ್ಯಾರಲ್ ಎಲ್ಲಿಂದಲೋ ಬಂದದ್ದು. ಲಂಡನ್ನಿನಲ್ಲಿ ತಯಾರಾದವುಗಳ ಸಂಖ್ಯಾಸರಣಿಯೇ ಬೇರೆ, ಅವಕ್ಕೆ ಈ ಲೆಕ್ಕ ಹಾಕಬಾರದು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸುವುದು ಸಿಲಿಂಡರ್. ವಾಟರ್‌ಮನ್ ಆರ್ಮ್ಸ್‌ಬಿ ಕೆತ್ತಿದ ಅಚ್ಚಿನಿಂದ ಉರುಳಿಸಿದ ಹಡಗುಗಳ ಕಾಳಗ ಅದರ ಸುತ್ತಲೂ ಇದೆ, 1843ರ ಮೇ 16ರಂದು ಟೆಕ್ಸಾಸ್ ನೌಕಾಪಡೆ ಮೆಕ್ಸಿಕೋದ ಹಡಗುಗಳ ಜೊತೆ ನಡೆಸಿದ್ದು. ಗೆರೆಗಳು ಬಹಳ ತೆಳು, ಹಾಗಾಗಿ ಬೇಗ ಸವೆಯುತ್ತವೆ. ಫ್ರೇಮ್ ಸವೆದು ಬೂದಿ ಬಣ್ಣಕ್ಕೆ ತಿರುಗಿರುವಾಗ ಹಡಗಿನ ಹಗ್ಗಗಳು ಮಾತ್ರ ಎಣಿಸುವಷ್ಟು ಸ್ಪಷ್ಟವಾಗಿದ್ದರೆ ನನಗೆ ಅನುಮಾನ. ಮತ್ತೆ ನೀಲಿ ಬಣ್ಣ ಹಾಕಿಸಿದ್ದೂ ಅಡಗುವುದಿಲ್ಲ. ಎಂಟು ಮೂಲೆಯ ಬ್ಯಾರಲ್‌ನ ಏಣುಗಳು ಮೊಂಡಾಗಿರುತ್ತವೆ, ಸ್ಕ್ರೂ ತೂತಿನ ಅಂಚು ಬಟ್ಟಲಿನಂತೆ ತಗ್ಗಿರುತ್ತದೆ, ತುಕ್ಕು ತಿಂದ ಗುಳಿಯ ಒಳಗೂ ನೀಲಿ ಕೂತಿರುತ್ತದೆ. ಫ್ರೇಮ್ ಮತ್ತು ಗಾರ್ಡ್ ಕೂಡುವ ಕಡೆ ಉಗುರು ಎಳೆದು ನೋಡಿ. ಕಾರ್ಖಾನೆಯಲ್ಲಿ ಒಟ್ಟಿಗೇ ಪಾಲಿಶ್ ಆದ ಜೋಡಿಯಲ್ಲಿ ಉಗುರು ಎಡವುವುದಿಲ್ಲ.

ಮಾಲೀಕರು ಒಪ್ಪಿದರಷ್ಟೇ, ಅದೂ ಕೋಣೆಗಳು ಖಾಲಿ ಎಂದು ಖಚಿತವಾದ ಮೇಲೆ ಬಿಚ್ಚುತ್ತೇನೆ. ಬೆಣೆಯ ಸ್ಪ್ರಿಂಗ್ ಒತ್ತಿ, ಬಲದಿಂದ ಎಡಕ್ಕೆ ನೈಲಾನ್ ಸುತ್ತಿಗೆಯಲ್ಲಿ ತಟ್ಟಬೇಕು. ಎಡಗಡೆಯ ಸ್ಕ್ರೂ ಅದನ್ನು ಪೂರ್ತಿ ಬೀಳದಂತೆ ತಡೆಯುತ್ತದೆ, ಅದನ್ನು ಮುಟ್ಟುವ ಅಗತ್ಯವಿಲ್ಲ. ಬ್ಯಾರಲ್ ಕೆಳಗಿನ ಲೋಡಿಂಗ್ ಲಿವರ್ (ಗುಂಡನ್ನು ಕೋಣೆಗೆ ಒತ್ತುವ ಸರಳು) ಎರಡು ಕೋಣೆಗಳ ನಡುವಿನ ಗೋಡೆಗೆ ತಾಗುವಂತೆ ಸಿಲಿಂಡರ್ ತಿರುಗಿಸಿ ಒತ್ತಿದರೆ ಬ್ಯಾರಲ್ ತಾನೇ ಮುಂದಕ್ಕೆ ಜಾರುತ್ತದೆ. ಜಾರದಿದ್ದರೆ ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯುವುದೊಂದೇ ದಾರಿ. ಬಿಗಿಹಿಡಿದ ನಿಪ್ಪಲ್‌ಗೂ ಇದೇ ಮಾತು, ಅದು ಮುರಿದರೆ ಸಿಲಿಂಡರೇ ಹಾಳು.

ಕೋಲ್ಟ್ ನೇವಿಯ ಮಾದರಿಯಲ್ಲೇ ಮಾಡಿದ ಅಪರೂಪದ ಗ್ರಿಸ್ವೋಲ್ಡ್ ಅಂಡ್ ಗನಿಸನ್ ಬಂದರೆ ಇನ್ನಷ್ಟು ನಿಧಾನ. ಜಾರ್ಜಿಯಾದ ಗ್ರಿಸ್ವೋಲ್ಡ್‌ವಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ ದಕ್ಷಿಣದ ಒಕ್ಕೂಟಕ್ಕಾಗಿ ಆದವು ಸುಮಾರು 3,700 ಮಾತ್ರ. 1864ರ ನವೆಂಬರ್‌ನಲ್ಲಿ ಉತ್ತರದ ಸೇನಾಪತಿ ಶರ್ಮನ್‌ನ ಸೈನ್ಯ ಕಾರ್ಖಾನೆ ಸುಟ್ಟಿತು. ಹಿತ್ತಾಳೆ ಫ್ರೇಮ್, ಸಿಲಿಂಡರ್ ಮೇಲೆ ಚಿತ್ರವಿಲ್ಲ. ಸಿಲಿಂಡರ್‌ಗೆ ಬಳಸಿದ ಕಬ್ಬಿಣದ ಸರಳನ್ನು ಕಾಯಿಸಿ ತಿರುಚುತ್ತಿದ್ದರು, ಆ ಹುರಿಗೆರೆ ಕಣ್ಣಿಗೆ ಬೀಳಬೇಕು. ಇಟಲಿಯ ಹೊಸ ನಕಲುಗಳೂ ಹಿತ್ತಾಳೆಯವೇ. ಅವುಗಳ ಪರೀಕ್ಷಾ ಮುದ್ರೆ, ನಕ್ಷತ್ರದ ಕೆಳಗೆ ‘ಪಿಎನ್’, ಅರೆದು ತೆಗೆದು ಆಸಿಡ್ಡಿನಲ್ಲಿ ಮುದಿಮಾಡಿ ಮಾರುತ್ತಾರೆ. ನಿಪ್ಪಲ್ ಬಿಚ್ಚಿ ನೋಡಿದಾಗ 6 ಮಿಲಿಮೀಟರ್‌ನ ಮೆಟ್ರಿಕ್ ಮರೆ (ಸ್ಕ್ರೂವಿನ ಸುತ್ತುಗೆರೆ) ಸಿಕ್ಕರೆ ಮಾತು ಮುಗಿಯಿತು.

ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದದ್ದು ಪುರಾತನ ವಸ್ತು, ರಾಜ್ಯಗಳ ನಿಯಮ ಬೇರೆ ಇರಬಹುದು. ಊರಿಗೆ ತರುತ್ತೇನೆ ಎನ್ನುವವರು ಗಮನಿಸಿ: ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ, ರಿಪೇರಿ ಮಾಡಿದರೂ ಹಾರಿಸಲಾಗದ ಹಳೆಯ ಆಯುಧಕ್ಕೆ ಮಾತ್ರ. ಹಾರುವ ಸ್ಥಿತಿಯ ನೇವಿ ಅದರಲ್ಲಿ ಬರುವುದಿಲ್ಲ.

ಕೊಂಡ ಮೇಲೆ ಕಂದು ಪದರವನ್ನು ಉಜ್ಜುವುದಿಲ್ಲ. ಕೆಂಪಗೆ ಉದುರುವ ತುಕ್ಕನ್ನಷ್ಟೇ ಎಣ್ಣೆ ಹಚ್ಚಿ, ತಾಮ್ರದ ತುಂಡಿನಿಂದ ಕೆರೆದು, ಮೇಲೆ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ. ಹಳೆಯ ಚರ್ಮದ ಚೀಲ ಜೊತೆಗೇ ಬಂದಿದ್ದರೂ ಅದರೊಳಗೆ ಇಡಬೇಡಿ. ಚರ್ಮ ಹದಮಾಡಿದ ಆಮ್ಲ ಒಂದು ಮಳೆಗಾಲದಲ್ಲೇ ಹಡಗುಗಳನ್ನು ತಿಂದುಬಿಡುತ್ತದೆ.