ಹಿರಿಯರ ಹಳೆಯ ಕಸುಬಿನ ಹೆಸರುಗಳನ್ನು ಬಿಡಿಸಿಕೊಳ್ಳುವ ಬಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯ ಮನೆತನಗಳ ಹಳೆಯ ಕಾಗದಗಳಲ್ಲಿ ಅರ್ಥವಾಗದ ಕಸುಬಿನ ಪದವೊಂದು ಎದುರಾದಾಗ, ನಿಘಂಟು ತೆರೆಯುವುದಕ್ಕೆ ಮೊದಲು ಆ ಕಾಗದ ಯಾರ ಆಡಳಿತದಲ್ಲಿ ಹುಟ್ಟಿತೆಂದು ನೋಡಬೇಕು. ಬಳ್ಳಾರಿಯನ್ನು ನಿಜಾಮರು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟರು; ಅದು 1953ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ರಾಯಚೂರು ಮತ್ತು ಕೊಪ್ಪಳ 1948ರವರೆಗೆ ನಿಜಾಮರ ಸಂಸ್ಥಾನದಲ್ಲಿದ್ದವು. ಹೀಗಾಗಿ ಊರಿನ ಲೆಕ್ಕ ಬರೆಯುವ ಒಂದೇ ಕೆಲಸಕ್ಕೆ ಬಳ್ಳಾರಿಯ ದಾಖಲೆ ಕರಣಂ ಎಂದರೆ, ನಿಜಾಮರ ದಾಖಲೆ ಪಟವಾರಿ ಎನ್ನುತ್ತದೆ. ಜನರ ಬಾಯಲ್ಲಿ ಅವನೇ ಕುಲಕರ್ಣಿ ಅಥವಾ ಶಾನಭೋಗ. ಪದ ಬೇರೆಯಾದೊಡನೆ ಮನೆತನವೂ ಬೇರೆಯೆಂದು ಎಣಿಸುವುದೇ ಈ ಹುಡುಕಾಟದ ದೊಡ್ಡ ತಪ್ಪು. ನದಾಫ ಮತ್ತು ಪಿಂಜಾರ ಎಂಬ ಎರಡು ಪದಗಳೂ ಹತ್ತಿ ಹಿಂಜುವವನನ್ನೇ ಹೇಳುತ್ತವೆ. ಮೊದಲನೆಯದು ಅರಬ್ಬಿಯಿಂದ ಬಂದದ್ದು. ಕಾಗದದಲ್ಲಿ ಫಸಲಿ ವರ್ಷ, ಅಂದರೆ ಕಂದಾಯದ ಲೆಕ್ಕದ ವರ್ಷವಿದ್ದರೆ, ಇಸವಿಗಾಗಿ 590 ಕೂಡಿಸಿರಿ: ಫಸಲಿ 1320 ಎಂದರೆ 1910-11.

ಅನಂತರ ಪದವನ್ನು ಒಡೆದು ನೋಡಬೇಕು. ಗಾರ ಎಂಬ ಬಾಲವನ್ನು ತೆಗೆದರೆ ಸಾಮಾನ್ಯವಾಗಿ ಕೆಲಸದ ವಸ್ತು ಉಳಿಯುತ್ತದೆ: ಜೀನಗಾರನಲ್ಲಿ ಕುದುರೆಯ ಜೀನು, ಬಳೆಗಾರನಲ್ಲಿ ಬಳೆ. ನೀರಗಂಟಿ ಕೆರೆಯ ತೂಬು ತೆಗೆದು ಗದ್ದೆಗಳಿಗೆ ಸರದಿಯಂತೆ ನೀರು ಬಿಡುವವನು. ಆದರೆ ಪದದ ಮೂಲವೇ ನಿಮ್ಮ ಮುತ್ತಜ್ಜನ ನಿತ್ಯದ ದುಡಿಮೆಯೆಂದು ತೀರ್ಮಾನಿಸಬೇಡಿರಿ. ಉಪ್ಪಾರ ಎಂಬ ಹೆಸರಿನಲ್ಲಿ ಉಪ್ಪಿದ್ದರೂ, ಆ ಕಸುಬು ಕೈತಪ್ಪಿದ ಮೇಲೆ ಅನೇಕರು ಮಣ್ಣಿನ ಕೆಲಸಕ್ಕೂ ಗೋಡೆ ಕಟ್ಟುವುದಕ್ಕೂ ತಿರುಗಿದರು. 1894ರಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು ಪದದ ಅರ್ಥವನ್ನು ಕೊಡಬಲ್ಲದು, ನಿಮ್ಮ ಮನೆಯ ಕಥೆಯನ್ನಲ್ಲ.

ಆ ಕಥೆ ಹೆಚ್ಚಾಗಿ ಭೂಮಿಯ ದಾಖಲೆಗಳಲ್ಲಿ ಸಿಗುತ್ತದೆ. ತಳವಾರಿಕೆ, ನೀರಗಂಟಿಕೆಯಂತಹ ಊರ ಚಾಕರಿಗೆ ಇನಾಮು ಭೂಮಿ ಇರುತ್ತಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯ ಪ್ರಕಾರ ಆ ಭೂಮಿಯನ್ನು ಹಿಂಪಡೆದು ಹುದ್ದೆದಾರರಿಗೇ ಮರುಮಂಜೂರು ಮಾಡಿದ ಕಡತಗಳಲ್ಲಿ ಯಾವ ಹುದ್ದೆ ಯಾರ ಹೆಸರಿನಲ್ಲಿತ್ತೆಂಬುದು ಕಾಣುತ್ತದೆ. ಸರ್ವೆ ನಂಬರನ್ನು ಬರೆದುಕೊಂಡು ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಕೊಡಿರಿ.

ಕಡತಕ್ಕಿಂತ ಮೊದಲು, ಮನೆಯಲ್ಲಿ ಇನ್ನೂ ಇರುವ ಅಜ್ಜಿಯ ಬಳಿ ಕುಳಿತುಕೊಳ್ಳಿರಿ. ನಮ್ಮ ಕಸುಬು ಏನೆಂದು ಕೇಳಿದರೆ ಜಾತಿಯ ಹೆಸರಷ್ಟೇ ಬರಬಹುದು. ಸುಗ್ಗಿಯ ಕಣದಲ್ಲಿ ನಮಗೆ ಎಷ್ಟು ಆಯ (ಕೆಲಸಕ್ಕೆ ಪ್ರತಿಯಾಗಿ ಕೊಡುವ ಕಾಳಿನ ಪಾಲು) ಬರುತ್ತಿತ್ತು, ಯಾರು ಅಳೆಯುತ್ತಿದ್ದರು, ಅದು ಯಾವ ಕೆಲಸಕ್ಕೆ ಎಂದು ಕೇಳಿ, ಅವರು ಆಡಿದ ಮಾತಿನಲ್ಲಿಯೇ ಬರೆದುಕೊಳ್ಳಿರಿ.