ಸಿಒಪಿಡಿ (ಉಸಿರಾಟ ಕಷ್ಟವಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ) ಇರುವವರಿಗೆ ಮನೆಯಿಂದಲೇ ವ್ಯಾಯಾಮ
ತೀರ್ಥಹಳ್ಳಿ, ಹೊಸನಗರ ಕಡೆಯಿಂದ ವ್ಯಾಯಾಮಕ್ಕೆಂದು ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಹೋಗಿಬರುವುದು ಉಸಿರಿನ ತೊಂದರೆ ಇರುವವರಿಗೆ ಕಷ್ಟ ಅಲ್ವಾ? ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಫಿಸಿಯೋಥೆರಪಿಸ್ಟ್ ವಿಡಿಯೋ ಕಾಲ್‌ನಲ್ಲಿ ವ್ಯಾಯಾಮ ಮಾಡಿಸುತ್ತಾರಾ ಅಂತ ಕೇಳಿ ನೋಡಿ. ಆದರೆ ಮೊದಲ ಸಲ ಖುದ್ದಾಗಿ ಹೋಗಿ 6 ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. ನಿಮ್ಮ ಮೈ ಎಷ್ಟು ವ್ಯಾಯಾಮ ತಾಳಿಕೊಳ್ಳುತ್ತದೆ ಅಂತ ಅವರಿಗೆ ಅಂದಾಜು ಸಿಗುತ್ತದೆ.

ಜಗಲಿಯಲ್ಲಿ ನಡೆಯುವುದು, ಕುರ್ಚಿಯಿಂದ ಎದ್ದು ಕೂರುವುದು, ಶುರುವಿಗೆ ಇಷ್ಟೇ ಸಾಕು. ಬಚ್ಚಲೊಲೆ ಹೊಗೆ ಇರುವಾಗ ಮಾತ್ರ ಬೇಡವೇ ಬೇಡ. ಮನೆಯವರೊಬ್ಬರು ಪಕ್ಕದಲ್ಲಿರಲಿ, ಬೆರಳಿಗೆ ಪಲ್ಸ್ ಆಕ್ಸಿಮೀಟರ್ (ರಕ್ತದ ಆಮ್ಲಜನಕದ ಮಟ್ಟ ತೋರಿಸುವ ಸಾಧನ) ಇರಲಿ. ಡಾಕ್ಟರು ಬೇರೆ ಮಿತಿ ಹೇಳಿಲ್ಲದಿದ್ದರೆ, ಆಮ್ಲಜನಕ ಶೇ. 88ಕ್ಕಿಂತ ಕೆಳಗಿಳಿದರೆ ನಿಲ್ಲಿಸಿ ಕೂರಿ. ಮೂಗಿನಿಂದ ಉಸಿರೆಳೆದು, ಸೀಟಿ ಊದುವ ಹಾಗೆ ತುಟಿ ಮಾಡಿ ನಿಧಾನಕ್ಕೆ ಬಿಡಿ. ಸ್ವಲ್ಪ ಏದುಸಿರು ಸಹಜ, ಹೆದರಬೇಡಿ. ಎದೆನೋವು, ತಲೆಸುತ್ತು ಬಂದರೆ ತಕ್ಷಣ ಡಾಕ್ಟರಿಗೆ ತೋರಿಸಿ.