ಸರ್ಟಿಫಿಕೇಟ್ ಇಲ್ಲದ ಸಾಧನೆಯನ್ನು ಸುದ್ದಿಪತ್ರಕ್ಕೆ ತಂದದ್ದು ಹೀಗೆ

ನಮ್ಮ ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದ ಸುದ್ದಿಪತ್ರ ನನ್ನ ಪಾಲಿಗೆ ಬಂದು ಐದು ವರ್ಷ ಆಯ್ತು. ವರ್ಷಕ್ಕೆ ಎರಡು ಸಂಚಿಕೆ, ಎಂಟು ಪುಟ. ಅಧ್ಯಾಪಕರ ಸಾಧನೆ, ಬಿ.ಇಡಿ., ಎಂ.ಇಡಿ. ತರಗತಿಗಳ ಸುದ್ದಿ, ಪಿಎಚ್.ಡಿ. ಮುಗಿಸಿದವರ ವಿವರ. ಸುಲಭದ ಕೆಲಸ ಅಂದುಕೊಂಡಿದ್ದೆ.

ಮೊದಲ ಸಂಚಿಕೆಗೆ ‘ನಿಮ್ಮ ಸಾಧನೆಗಳನ್ನು ಕಳಿಸಿ’ ಅಂತ ವಾಟ್ಸ್‌ಆಪ್ ಗ್ರೂಪಿನಲ್ಲಿ ಹಾಕಿದೆ. ಸರ್ಟಿಫಿಕೇಟ್ ಫೋಟೊಗಳು ಬಂದು ಬಿದ್ದವು. ಕೆಲವರು ‘ನುಡಿ’ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದರು. ಯೂನಿಕೋಡಿಗೆ ತಿರುಗಿಸಿದರೆ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂತವು. ಅದನ್ನು ತಿದ್ದುವುದರಲ್ಲೇ ಎರಡು ರಾತ್ರಿ ಕಳೆಯಿತು. ಆ ಆತುರದಲ್ಲಿ ಒಂದು ತಪ್ಪೂ ಆಯಿತು. ಹಿರಿಯ ಮೇಡಂ ಒಬ್ಬರು ಸಂಪಾದಿತ ಪುಸ್ತಕಕ್ಕೆ ಒಂದು ಅಧ್ಯಾಯ ಬರೆದಿದ್ದರು. ನಾನು ಇಡೀ ಪುಸ್ತಕವೇ ಅವರದು ಅಂತ ಅಚ್ಚು ಹಾಕಿಸಿದೆ. ಅವರು ಪುಸ್ತಕ ಹಿಡಿದುಕೊಂಡೇ ಬಂದರು. “ನಾಳೆ ಯಾರಾದ್ರೂ ಕೇಳಿದ್ರೆ ನಾನೇನು ಹೇಳ್ಲಿ?” ಅಂದರು. ದನಿ ಏರಿಸಲಿಲ್ಲ. ನನಗೆ ಮಾತ್ರ ಆ ದಿನ ಊಟ ಸೇರಲಿಲ್ಲ.

ಅವತ್ತಿನಿಂದ ಪುಸ್ತಕವಾದರೆ ಮುಖಪುಟ, ಐಎಸ್‌ಬಿಎನ್ ಇರುವ ಪುಟ, ಪರಿವಿಡಿ ಮೂರನ್ನೂ ಕೇಳುತ್ತೇನೆ. ಲೇಖನವಾದರೆ ಸಂಶೋಧನಾ ಪತ್ರಿಕೆಯ ಗುರುತಿನ ಸಂಖ್ಯೆ, ಅಂದರೆ ಐಎಸ್‌ಎಸ್‌ಎನ್, ಸಂಪುಟ, ಪುಟಸಂಖ್ಯೆ ಬೇಕು. ಪತ್ರಿಕೆಯ ಸ್ವಂತ ವೆಬ್‌ಸೈಟಿಗೆ ಹೋಗಿ ಲೇಖನ ಅಲ್ಲಿದೆಯಾ ಅಂತ ನಾನೇ ನೋಡುತ್ತೇನೆ. 2019ರಲ್ಲಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಒಪ್ಪಿದ ಪತ್ರಿಕೆಗಳ ‘ಕೇರ್’ ಪಟ್ಟಿ ಬಂದಾಗ ಅದರಲ್ಲಿ ಹೆಸರಿದೆಯಾ ಅಂತ ನೋಡಿದರೆ ಸಾಕು ಅನ್ನುವವರು ಜಾಸ್ತಿ ಇದ್ದರು. 2025ರಲ್ಲಿ ಯುಜಿಸಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಈಗ ಪತ್ರಿಕೆ ಒಳ್ಳೆಯದೋ ಅಲ್ಲವೋ ಅಂತ ನಾವೇ ಓದಿ ಅಳೆಯಬೇಕು. ಇದೇ ವಿವರ, ಕಾಲೇಜು-ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕಳಿಸುವ ವಾರ್ಷಿಕ ಗುಣಮಟ್ಟ ವರದಿಗೂ ಹೋಗುತ್ತದೆ. ಇಲ್ಲಿ ತಪ್ಪಿದರೆ ಅಲ್ಲೂ ತಪ್ಪು.

ಇಷ್ಟೆಲ್ಲ ಸರಿಮಾಡಿಕೊಂಡ ಮೇಲೂ ಸುದ್ದಿಪತ್ರ ಕೈಗೆತ್ತಿಕೊಂಡಾಗ ಏನೋ ಕೊರತೆ ಕಾಣುತ್ತಿತ್ತು. ನಾವು ಮೇಷ್ಟ್ರುಗಳನ್ನು ತಯಾರು ಮಾಡುವವರು. ಎಂಟು ಪುಟದಲ್ಲಿ ಒಂದು ಶಾಲೆಯಾಗಲಿ, ಒಂದು ಮಗುವಾಗಲಿ ಇರಲಿಲ್ಲ.

2015ರಿಂದ ಬಿ.ಇಡಿ. ಎರಡು ವರ್ಷದ್ದಾಗಿದೆ. ಎರಡನೇ ವರ್ಷದಲ್ಲಿ 16 ವಾರ ಶಾಲಾ ಇಂಟರ್ನ್‌ಶಿಪ್. ಗಣಿತ ಬೋಧನಾ ವಿಧಾನ ಕಲಿಸುವ ನಮ್ಮ ಸಹೋದ್ಯೋಗಿ ಆ ದಿನಗಳಲ್ಲಿ ಬೆಳಗಿನ ಮೊದಲ ಬಸ್ಸು ಹಿಡಿದು, ಪ್ರಶಿಕ್ಷಣಾರ್ಥಿಗಳ (ಬಿ.ಇಡಿ. ಓದುವವರ) ಪಾಠ ನೋಡಲು ಶಾಲೆಗೆ ಹೋಗುತ್ತಾರೆ. ಅದಕ್ಕೆ ಯಾರೂ ಸರ್ಟಿಫಿಕೇಟ್ ಕೊಡುವುದಿಲ್ಲ. ಒಂದು ದಿನ ನಾನೂ ಅವರ ಜೊತೆ ಹೋಗಿ ಆರನೇ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತೆ.

ಭಿನ್ನರಾಶಿ ಪಾಠ. 1/3, 1/4 ಇವುಗಳಲ್ಲಿ ಯಾವುದು ದೊಡ್ಡದು ಅಂತ ಪ್ರಶಿಕ್ಷಣಾರ್ಥಿ ಕೇಳಿದಳು. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು “1/4 ಮಿಸ್” ಅಂದಳು. “ತಪ್ಪು, ಕೂತ್ಕೋ.” ಹುಡುಗಿ ಕೂತಳು, ಆಮೇಲೆ ಕೈ ಎತ್ತಲೇ ಇಲ್ಲ. ನನ್ನ ಸಹೋದ್ಯೋಗಿ ಮಧ್ಯೆ ಬಾಯಿ ಹಾಕಲಿಲ್ಲ. ವೀಕ್ಷಣಾ ಪುಸ್ತಕದಲ್ಲಿ ಏನೋ ಬರೆದುಕೊಂಡರು.

ಪಾಠ ಮುಗಿದ ಮೇಲೆ ಜಗಲಿಯಲ್ಲಿ ನಿಂತು ಕೇಳಿದರು: “ಅವಳು ಯಾಕೆ ಹಾಗಂದಳು ಹೇಳಮ್ಮ?” ಪ್ರಶಿಕ್ಷಣಾರ್ಥಿಗೆ ಉತ್ತರ ಹೊಳೆಯಲಿಲ್ಲ. “ಮೂರಕ್ಕಿಂತ ನಾಲ್ಕು ದೊಡ್ಡದು ಅಂತ ನಾವೇ ಅಲ್ವಾ ಒಂದನೇ ಕ್ಲಾಸಿಂದ ಕಲಿಸಿರೋದು? ಅವಳು ಅದನ್ನೇ ಹೇಳಿದಳು. ನಾಳೆ ಅಲ್ಲಿಂದಲೇ ಶುರು ಮಾಡು.”

ಮರುದಿನ ಪ್ರಶಿಕ್ಷಣಾರ್ಥಿ ಒಂದೇ ಅಳತೆಯ ಎರಡು ಕಾಗದದ ಪಟ್ಟಿ ತಂದಳು. ಅದೇ ಹುಡುಗಿಯನ್ನು ಕರೆದು ಒಂದನ್ನು ಮೂರು ಸಮ ಪಾಲಾಗಿ, ಇನ್ನೊಂದನ್ನು ನಾಲ್ಕು ಸಮ ಪಾಲಾಗಿ ಮಡಿಸಲು ಹೇಳಿದಳು. ಹುಡುಗಿ ಒಂದೊಂದು ಪಾಲು ಕತ್ತರಿಸಿ, ಒಂದರ ಮೇಲೊಂದು ಇಟ್ಟು ನೋಡಿದಳು. “ಜಾಸ್ತಿ ಜನಕ್ಕೆ ಹಂಚಿದ್ರೆ ಕಮ್ಮಿ ಸಿಗುತ್ತೆ ಮಿಸ್!”

ಇದನ್ನು ಆ ಸಲದ ಸಂಚಿಕೆಯ ಮೊದಲ ಪುಟಕ್ಕೆ ಬರೆದೆ. “ಇದು ಸಾಧನೆ ಕಾಲಮ್ಮಿಗೆ ಬರುತ್ತಾ?” ಅಂತ ವಿಭಾಗದ ಮುಖ್ಯಸ್ಥರು ಕೇಳಿದರು. ನಾನು ಆ ವೀಕ್ಷಣಾ ಪುಸ್ತಕವನ್ನೇ ಅವರ ಮೇಜಿನ ಮೇಲಿಟ್ಟೆ. ಅದರಲ್ಲಿ ಎಲ್ಲೂ ಸುಮ್ನೆ ‘ಪಾಠ ಚೆನ್ನಾಗಿತ್ತು’ ಅಂತ ಬರೆದಿರಲಿಲ್ಲ. ಯಾವ ಮಗು ಏನು ಕೇಳಿತು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕಿತ್ತು, ಬೋರ್ಡಿನಲ್ಲಿ ಯಾವುದನ್ನು ಅಳಿಸಬಾರದಿತ್ತು, ಎಲ್ಲ ಇತ್ತು. ಅವರು ಹತ್ತು ನಿಮಿಷ ಓದಿ “ಹಾಕಿ” ಅಂದರು.

ಈಗ ಸುದ್ದಿಪತ್ರಕ್ಕೆ ವಿವರ ಕೇಳುವ ಗೂಗಲ್ ಫಾರ್ಮಿನಲ್ಲಿ ಮೊದಲ ಪ್ರಶ್ನೆಯೇ ಬೇರೆ: ‘ಈ ಆರು ತಿಂಗಳಲ್ಲಿ ಯಾರ ಪಾಠ ನಿಮ್ಮ ಮಾತಿನಿಂದ ಬದಲಾಯಿತು? ಹೇಗೆ?’ ಫಾರ್ಮಿನಲ್ಲಿ ಎರಡು ಸಾಲು ಬರೆದವರ ಕೋಣೆಗೆ ಹೋಗಿ ಕೂರುತ್ತೇನೆ. ಅವರು ಹೇಳಿದ್ದನ್ನು ಬರೆದು, ಅವರಿಗೇ ಓದಿ ಹೇಳಿ, ಆಮೇಲೆ ಅಚ್ಚಿಗೆ ಕಳಿಸುತ್ತೇನೆ. ಪ್ರಶಿಕ್ಷಣಾರ್ಥಿಯ ಹೆಸರು ಹಾಕುವುದಿಲ್ಲ, ಮಕ್ಕಳ ಮುಖ ಕಾಣುವ ಫೋಟೊ ಹಾಕುವುದಿಲ್ಲ. ಪ್ರಬಂಧ, ಪುಸ್ತಕಗಳ ಪಟ್ಟಿಯೂ ಇದೆ, ಒಳಪುಟದಲ್ಲಿ.

ಇಂಟರ್ನ್‌ಶಿಪ್‌ಗೆ ಹೊರಡುವ ಹಿಂದಿನ ದಿನ ಆ ಕಾಗದದ ಪಟ್ಟಿಯ ಪುಟವನ್ನು ಜೆರಾಕ್ಸ್ ಮಾಡಿಸಿ ಹೊಸ ಬ್ಯಾಚಿಗೆ ಹಂಚುತ್ತೇವೆ. ಈ ವರ್ಷ ಅದನ್ನು ಗಟ್ಟಿಯಾಗಿ ಓದಿದ್ದು, ಅಧ್ಯಾಯದ ವಿಷಯಕ್ಕೆ ನನ್ನ ಹತ್ತಿರ ಬಂದಿದ್ದ ಅದೇ ಹಿರಿಯ ಮೇಡಂ.